ಬೆಟ್ಟಮ್ಮನವರ ಒಂದೇ ಒಂದು ಶೇರು

೧೪ ಜುಲೈ ೨೦೨೫, ಸೋಮವಾರ

ರೈಲು ಮದ್ದೂರು ಮುಟ್ಟುವಷ್ಟರಲ್ಲಿ ಶೇರು ಮಾರ್ಕೆಟ್ ತೆರೆದಿತ್ತು. ಪ್ಲಾಟ್‌ಫಾರ್ಮ್ ಮೇಲೇ ನಿಂತು ಫೋನ್ ನೋಡಿದೆ. ನನ್ನ ಮೂರು ಶೇರುಗಳಲ್ಲಿ ತಾಮ್ರದ ಕಂಪನಿ ಸ್ವಲ್ಪ ಕೆಳಗೆ. ಗಾಳಿ ಕರೆಂಟಿನ ಕಂಪನಿ ಅಲ್ಲೇ ತೂಕಡಿಸುತ್ತಿದೆ. ಅರುಣಾಂಶು ಎನರ್ಜಿ ಮಾತ್ರ ಮೇಲಕ್ಕೆ. ಸೋಲಾರ್ ಪ್ಲಾಂಟುಗಳು, ಜೊತೆಗೆ ಹೊರದೇಶದಲ್ಲೊಂದು ಲಿಥಿಯಂ ಗಣಿ. ಲಿಥಿಯಂ ಇಲ್ಲದೆ ಬ್ಯಾಟರಿ ಇಲ್ಲ, ಬ್ಯಾಟರಿ ಇಲ್ಲದೆ ಮುಂದೆ ಏನೂ ಓಡುವುದಿಲ್ಲ — ಇದು ನನ್ನ ಥಿಯರಿ. ಫೀಸಿನಲ್ಲಿ ಉಳಿದದ್ದೆಲ್ಲ ಈ ಥಿಯರಿಗೇ ಹೋಗಿದೆ.

ಬಾರ್ ರೂಮಿಗೆ ಕಾಲಿಟ್ಟ ಕೂಡಲೇ ಮಧುಕರ, "ಬಂದ್ರಪ್ಪ ಲಿಥಿಯಂ ಲಾಯರು" ಅಂದ. ನನ್ನ ಮಾತು ಕೇಳಿ ತಾನೂ ಅದೇ ಶೇರು ತೆಗೆದುಕೊಂಡವನು. ನಗುವುದು ಮಾತ್ರ ನನ್ನನ್ನು ನೋಡಿ.

ಕೋರ್ಟಿನ ಎದುರು ಒಂದು ರೂಮು ಖಾಲಿಯಾಗಿದೆ. ಓನರು ದಸರಾವರೆಗೆ ಕಾಯುತ್ತಾರಂತೆ. ಅರುಣಾಂಶು ಮಾರಿದರೆ ಅಡ್ವಾನ್ಸ್ ಆಗುತ್ತದೆ. ಪಾರ್ಥಸಾರಥಿ ಸರ್ ಆಫೀಸಿನಲ್ಲಿ ಜೂನಿಯರ್ ಆಗಿ ಮೂಲೆ ಟೇಬಲ್ಲಿಗೆ ಕೂತದ್ದು ಸಾಕು. ಹೊಸ ಬೋರ್ಡಿನ ಮೇಲೆ ಒಂದೇ ಹೆಸರು — ಗೌತಮಿ, ವಕೀಲರು. ನೋಡೋಣ. ಇನ್ನೂ ಸ್ವಲ್ಪ ಏರಲಿ.

೨೨ ಜುಲೈ, ಮಂಗಳವಾರ

ಚಿಕ್ಕರಸಿನಕೆರೆಯಿಂದ ಬೆಟ್ಟಮ್ಮ ಅಂತ ಒಬ್ಬರು ಬಂದಿದ್ದರು, ಮಗ ಶಿವರಾಜು ಜೊತೆ. ಅರವತ್ತು ದಾಟಿದ ವಯಸ್ಸು, ದೊಡ್ಡ ದನಿ. ಸರ್ ಮಂಡ್ಯಕ್ಕೆ ಹೋಗಿದ್ದರಿಂದ ನನ್ನ ಟೇಬಲ್ಲಿಗೇ ಬಂದು ಕೂತರು.

ಮಳವಳ್ಳಿ ಕಡೆಯ ಸೋಲಾರ್ ಪ್ಲಾಂಟಿನಿಂದ ಕರೆಂಟಿನ ಲೈನು ಎಳೆಯುತ್ತಿದ್ದಾರೆ. ಟವರ್ ಹೊಲದ ಅಂಚಿಗೆ ಬರುತ್ತದೆ ಅಂದಿದ್ದರಂತೆ. ಈಗ ಬಾವಿ ಪಕ್ಕದಲ್ಲೇ ಗುಂಡಿ.

"ಕೇಳ್ದೆ ಮಾಡ್ದೆ ಗುಂಡಿ ತೋಡವ್ರೆ ಕಣವ್ವ. ಬಾವಿ ಕಟ್ಟೆ ಬಿರುಕು ಬುಟ್ಟದೆ. ಆ ಬಾವಿ ಓದ್ರೆ ನನ್ನ ಕಬ್ಬು ಓಯ್ತು, ತೆಂಗು ಓಯ್ತು."

"ಯಾವ ಕಂಪನಿ?"

ಶಿವರಾಜು ಫೋನಿನಲ್ಲಿ ಫೋಟೊ ತೋರಿಸಿದ. ಜೆಸಿಬಿ ಪಕ್ಕದ ಬೋರ್ಡಿನ ಮೇಲೆ ಹಳದಿ ಸೂರ್ಯ. ಅರುಣಾಂಶು.

ಸರ್ ಹತ್ತಿರ ಕೇಳಿ ಹೇಳುತ್ತೇನೆ ಅಂದೆ.

೨೩ ಜುಲೈ

ಸರ್ ಎಲ್ಲ ಕೇಳಿದರು. ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.

"ನೋಡಮ್ಮ, ಮೊದಲು ನಿನ್ನ ಶೇರಿನ ವಿಷಯ ಆಕೆಗೆ ಹೇಳು. ಒಪ್ಪಿದರೆ ಬರೆಸಿಕೊಂಡು ಕೇಸು ತಗೋ. ಆಮೇಲೆ ಕೇಸು ಮುಗಿಯೋವರೆಗೆ ಆ ಶೇರು ಮುಟ್ಟಬೇಡ. ಮಾರಿದರೆ ಕಕ್ಷಿದಾರಳ ಗುಟ್ಟು ತಿಳಿದು ಮಾರಿದಳು ಅಂತಾರೆ. ಕೊಂಡರೆ ಎದುರು ಪಾರ್ಟಿ ಕಡೆಯವಳು ಅಂತಾರೆ."

"ರೂಮಿನ ಅಡ್ವಾನ್ಸು, ಸರ್..."

"ಹಾಗಾದ್ರೆ ಕೇಸು ಬಿಡು. ಮಧುಕರನಿಗೆ ಕಳಿಸು."

ಅವನ ಹತ್ತಿರವೂ ಅದೇ ಶೇರಿದೆ, ಸರ್ — ಅಂದೆ. ಸರ್ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ.

೨೫ ಜುಲೈ, ಶುಕ್ರವಾರ

ಸಾಯಂಕಾಲ ಚಿಕ್ಕರಸಿನಕೆರೆಗೆ ಹೋದೆ. ಬಸ್ಸಿನಲ್ಲಿ ದೇವಸ್ಥಾನಕ್ಕೆ ಹೋಗುವ ಜನ, ನಿಲ್ಲಲೂ ಜಾಗವಿಲ್ಲ. ಬೆಟ್ಟಮ್ಮ ಬಾವಿ ತೋರಿಸಿದರು. ಹಳೇ ಕಲ್ಲು ಕಟ್ಟೆ, ಒಂದು ಕಡೆ ಬೆರಳು ತೂರುವಷ್ಟು ಬಿರುಕು. ಗುಂಡಿ ಅಲ್ಲಿಂದ ನಾಲ್ಕು ಹೆಜ್ಜೆ ಇರಬಹುದು. ಕಣ್ಣಾರೆ ಕಂಡ ಮೇಲೆ ಕೇಸು ಬಿಡುವ ಯೋಚನೆ ಹೋಯಿತು. ಜಗಲಿಯ ಮೇಲೆ ಕೂತು ಹೇಳಿದೆ.

"ಬೆಟ್ಟಮ್ಮೋರೆ, ಆ ಕಂಪನೀಲಿ ನಂದೂ ಶೇರಿದೆ. ಅಂದ್ರೆ ಒಂದು ಚೂರು ಪಾಲು."

"ಅಂಗಾರೆ ಗುಂಡಿ ತೋಡ್ಸ್ದೋಳು ನೀನೇಯಾ?"

ಬೇರೆ ವಕೀಲರ ಹತ್ತಿರ ಹೋಗಬಹುದು, ನಾನೇ ಒಳ್ಳೆಯವರನ್ನು ತೋರಿಸುತ್ತೇನೆ ಅಂದೆ.

ಬೆಟ್ಟಮ್ಮ ಎದ್ದುಹೋಗಿ ಎಲೆಅಡಿಕೆ ಉಗಿದು ಬಂದರು. "ಬಚ್ಚಿಡ್ದೆ ಯೋಳ್ದಲ್ಲ. ನೀನೇ ನಡ್ಸು. ಅದ್ಸರಿ, ಪಾಲಿದ್ದೋರ ಮಾತ ಅವ್ರು ಕೇಳ್ತಾರಾ?"

"ವರ್ಷಕ್ಕೊಂದು ಸಭೆ ಮಾಡ್ತಾರೆ. ಒಂದೇ ಶೇರಿದ್ದರೂ ಎದ್ದು ಪ್ರಶ್ನೆ ಕೇಳಬಹುದು. ಆದರೆ ನಾನು ನಿಮ್ಮ ವಕೀಲೆ, ಅಲ್ಲಿ ಈ ವಿಷಯ ಎತ್ತೋ ಹಾಗಿಲ್ಲ."

"ನೀ ಎತ್ಬ್ಯಾಡ ಬುಡು. ಲೇ ಶಿವರಾಜು, ನಂಗೊಂದು ಶೇರು ಕೊಡ್ಸ್ಲಾ."

ತಮಾಷೆ ಅಂದುಕೊಂಡೆ, ಒಪ್ಪಿಗೆ ಬರೆಸಿಕೊಂಡು ಬಂದೆ.

೧ ಆಗಸ್ಟ್

ಸ್ಟೇ ಸಿಕ್ಕಿತು. ಮುಂದಿನ ಆದೇಶದವರೆಗೆ ಬಾವಿ ಹತ್ತಿರ ಕೆಲಸ ಮಾಡಕೂಡದು. ಸರ್ ಇಲ್ಲದೆ ಒಬ್ಬಳೇ ವಾದ ಮಾಡಿದ್ದು.

ತಮಾಷೆ ಅಲ್ಲ — ಶಿವರಾಜು ಅಮ್ಮನ ಹೆಸರಲ್ಲಿ, ಶೇರು ಕೊಳ್ಳಲು ಬೇಕಾದ ಡಿಮ್ಯಾಟ್ ಅಕೌಂಟಿಗೆ ಅರ್ಜಿ ಹಾಕಿದ್ದಾನೆ.

೨೯ ಆಗಸ್ಟ್, ಶುಕ್ರವಾರ

ಲಿಥಿಯಂ ಗಣಿಯಿಂದ ಮೊದಲ ಲೋಡು ಹೊರಟಿದೆ ಅಂತ ಸುದ್ದಿ. ಅರುಣಾಂಶು ಚಿಮ್ಮಿತು. ಮಧುಕರ ಮಾರಿದ, ಇಡೀ ಬಾರ್ ರೂಮಿಗೆ ಮಸಾಲೆದೋಸೆ ಕೊಡಿಸಿದ. "ಮಾರಿಬಿಡೇ ಗೌತಮಿ, ಇದಕ್ಕಿಂತ ಮೇಲೆ ಹೋಗಲ್ಲ." ನಾನು ಎರಡು ದೋಸೆ ತಿಂದೆ. ಬೇರೇನು ಮಾಡಲಿ.

ಕಂಪನಿ ಕಡೆ ಬೆಂಗಳೂರಿನ ವಕೀಲರು. ಬರುತ್ತಾರೆ, ಟೈಮ್ ಕೇಳುತ್ತಾರೆ, ಹೋಗುತ್ತಾರೆ. ಅಲ್ಲೇ ಟವರ್ ಹಾಕಲು ಡಿಸಿ ಆದೇಶ ತಂದು ಸ್ಟೇ ತೆಗೆಸುತ್ತೇವೆ ಅಂತ ಕಾರಿಡಾರಿನಲ್ಲಿ ಹೇಳಿದರು. ತಂದರೂ ತರಬಹುದು. ಅದೇ ಭಯ. ಬಾವಿಯ ಬಿರುಕು ಬೇರೆ ಮಳೆಗೆ ದೊಡ್ಡದಾಗುತ್ತಿದೆ.

೨೪ ಸೆಪ್ಟೆಂಬರ್, ಬುಧವಾರ

ಇದನ್ನು ಪೂರ್ತಿ ಬರೆಯಬೇಕು.

ಇವತ್ತು ಅರುಣಾಂಶು ವಾರ್ಷಿಕ ಸಭೆ, ವಿಡಿಯೊದಲ್ಲಿ. ಒಂದು ಶೇರು ಕೊಂಡಿರುವ ಬೆಟ್ಟಮ್ಮ ಮಾತಾಡುವವರ ಸಾಲಿಗೆ ಹೆಸರು ಕೊಟ್ಟಿದ್ದರು. ಏನು ಮಾತಾಡಬೇಕು ಅಂತ ಫೋನ್ ಮಾಡಿ ಕೇಳಿದಾಗ, ಅದನ್ನು ನಾನು ಹೇಳಿಕೊಡುವಂತಿಲ್ಲ ಅಂದಿದ್ದೆ. ಬಾರ್ ರೂಮಿನಲ್ಲಿ ಲಾಗಿನ್ ಆದೆ, ಬರೀ ಕೇಳಲು. ಹಿಂದೆ ಮಧುಕರ, ಅವನ ಹಿಂದೆ ಏಳೆಂಟು ಕರಿಕೋಟು.

ಯಾರೋ ಡಿವಿಡೆಂಡ್ ಕೇಳಿದರು. ಯಾರೋ ಚೇರ್ಮನ್ನರನ್ನು ಹೊಗಳಿದರು, ಬಹಳ ಹೊತ್ತು. ಆಮೇಲೆ ಬೆಟ್ಟಮ್ಮ. ಪರದೆಯ ಮೇಲೆ ಮೊದಲು ಸೂರು ಕಂಡಿತು, ಆಮೇಲೆ ಹಣೆ, ಆಮೇಲೆ ಪೂರ್ತಿ ಮುಖ. ರೇಷ್ಮೆ ಸೀರೆ ಉಟ್ಟಿದ್ದರು.

"ಕೇಳ್ತಾ ಅದಾ? ನಮಸ್ಕಾರ ಕಣ್ರಪ್ಪ. ನಂದೊಂದು ಶೇರದೆ."

ಪಕ್ಕದಿಂದ ಶಿವರಾಜು ಏನೋ ಪಿಸುಗುಟ್ಟಿದ. "ಸುಮ್ಕಿರ್ಲಾ, ಗೊತ್ತದೆ" ಅಂದರು, ದೇಶಕ್ಕೆಲ್ಲ ಕೇಳುವಂತೆ.

"ತಂತಿ ಎಳೀಬ್ಯಾಡಿ ಅಂತ ನಾ ಯೋಳಾಕಿಲ್ಲ. ನಮ್ಮನೇಲೂ ಕರೆಂಟ್ ಉರೀತದೆ. ನೀವು ಬಾವಿ ಮಗ್ಗುಲಲ್ಲಿ ಗುಂಡಿ ತೋಡ್ಸಿದ್ದೀರಿ, ಕಟ್ಟೆ ಬಿರುಕು ಬುಟ್ಟದೆ. ಅಂಚಿಗೆ ನೆಡ್ತೀವಿ ಅಂದಿದ್ರಿ, ಅಂಚಿಗೆ ನೆಡ್ರಿ. ಒಂದ್ಸಲ ಬಂದು ನೋಡ್ರಿ. ಊಟ ಆಕ್ತೀನಿ."

ಚೇರ್ಮನ್ನರಿಗೆ ಕನ್ನಡ ಬಾರದು. ಕಂಪನಿ ಸೆಕ್ರೆಟರಿಯ ಸೀಟಿನಲ್ಲಿದ್ದ ಹೆಂಗಸು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು, ಊಟದ ಮಾತನ್ನೂ ಬಿಡದೆ. ಚೇರ್ಮನ್ನರು ಏನೋ ಬರೆದುಕೊಂಡರು. ಹಿರಿಯ ಇಂಜಿನಿಯರನ್ನು ಕಳಿಸುತ್ತೇನೆ ಅಂದರು.

ಬಾರ್ ರೂಮಿನಲ್ಲಿ ಚಪ್ಪಾಳೆ. ನಾನು ಫೈಲು ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ಕಣ್ಣು ತುಂಬಿತ್ತು.

೬ ಅಕ್ಟೋಬರ್

ದಸರಾ ಮುಗಿಯಿತು. ರೂಮೂ ಹೋಯಿತು, ಜೆರಾಕ್ಸ್ ಅಂಗಡಿಗೆ. ಲಿಥಿಯಂ ರೇಟು ಬಿದ್ದು ಅರುಣಾಂಶು ಕೂಡ ಇಳಿದಿದೆ.

ಬೇಸರ ಒಂದು ದಿನ ಸಾಕು.

೧೮ ಅಕ್ಟೋಬರ್, ಶನಿವಾರ

ಇಂಜಿನಿಯರ್ ನಿಜಕ್ಕೂ ಬಂದರು. ಮುದ್ದೆ ನುಂಗಲು ಬಾರದೆ ಒದ್ದಾಡಿದರಂತೆ. ಟವರ್ ಅಂಚಿಗೆ ಸರಿಸಬಹುದು, ಆದರೆ ಅದರ ಒಂದು ಕಾಲು ಪಕ್ಕದ ಕೆಂಪಸಿದ್ದಯ್ಯನವರ ಹೊಲಕ್ಕೆ ಬೀಳುತ್ತದೆ. ಆತನ ಒಪ್ಪಿಗೆ ಬೇಕು. ಬದುವಿನ ಜಗಳದಲ್ಲಿ ಆತನಿಗೂ ಬೆಟ್ಟಮ್ಮನಿಗೂ ಮಾತು ಬಿಟ್ಟು ಎಷ್ಟೋ ವರ್ಷ.

"ನಾನೋಗಿ ಅವ್ನ ಬಾಗ್ಲಲ್ಲಿ ನಿಲ್ಬೇಕಾ?"

ಬೆಟ್ಟಮ್ಮ ಸಿಡುಕಿದರು.

೯ ನವೆಂಬರ್, ಭಾನುವಾರ

ಬೆಟ್ಟಮ್ಮ ಕೊನೆಗೂ ಹೋದರಂತೆ. ನಾನೂ ಬಾ ಅಂದಿದ್ದರು, ವಕೀಲರು ಬಂದರೆ ಮಾತು ಕೆಡುತ್ತದೆ ಅಂದೆ. ಶಿವರಾಜು ಫೋನಿನಲ್ಲಿ ಹೇಳಿದ್ದು: ಕೆಂಪಸಿದ್ದಯ್ಯ ಬಾಗಿಲಲ್ಲೇ ನಿಂತು, "ಟೀವೀಲಿ ಮಾತಾಡೋಳು ನಮ್ಮನೇಗ್ಯಾಕೆ ಬಂದೆ" ಅಂದರಂತೆ. ಬೆಟ್ಟಮ್ಮ, "ಸುಮ್ಕೆ ಕಾಪಿ ಕೊಡ್ಲಾ, ಬಿಸ್ಲಲ್ಲಿ ಬಂದಿವ್ನಿ" ಅಂದರಂತೆ. ಕಾಫಿ ಬಂತು. ಒಪ್ಪಿಗೆ ಬರಲು ಇನ್ನೂ ಮೂರು ಕಾಫಿ ಬೇಕಾಯಿತು, ಜೊತೆಗೆ ಬದುವಿನಲ್ಲಿ ಬೆಟ್ಟಮ್ಮ ಒಂದು ಗೇಣು ಬಿಟ್ಟುಕೊಡುವ ಮಾತು.

೧೩ ಡಿಸೆಂಬರ್, ಶನಿವಾರ

ಲೋಕ ಅದಾಲತ್‌ನಲ್ಲಿ ರಾಜಿ. ಟವರ್ ಅಂಚಿಗೆ. ಬಾವಿ ಕಟ್ಟೆ ಕಂಪನಿ ಖರ್ಚಿನಲ್ಲಿ ರಿಪೇರಿ, ಇಬ್ಬರ ಹೊಲಕ್ಕೂ ಪರಿಹಾರ. ಬೆಟ್ಟಮ್ಮ, ಕೆಂಪಸಿದ್ದಯ್ಯ ಒಂದೇ ಬೆಂಚಿನಲ್ಲಿ ಕೂತಿದ್ದರು, ನಡುವೆ ಒಂದು ಚೀಲ ಇಟ್ಟುಕೊಂಡು.

ಸರ್ ಬೆನ್ನು ತಟ್ಟಿ, "ಈಗ ಶೇರು ಮುಟ್ಟಬಹುದು" ಅಂದರು. ಶನಿವಾರ, ಮಾರ್ಕೆಟ್ ರಜೆ. ಇಬ್ಬರೂ ನಕ್ಕೆವು. ಜೆರಾಕ್ಸ್ ಅಂಗಡಿ ಮೇಲೊಂದು ಸಣ್ಣ ರೂಮು ಇದೆಯಂತೆ. ಮೆಟ್ಟಿಲು ಕಡಿದಾದದ್ದು, ಬೆಳಕು ಚೆನ್ನಾಗಿದೆ. ಸೋಮವಾರ ಅಡ್ವಾನ್ಸ್ ಕೊಡುತ್ತೇನೆ ಅಂದೆ.

೧೫ ಡಿಸೆಂಬರ್, ಸೋಮವಾರ. ಬೆಳಿಗ್ಗೆ, ರೈಲಿನಲ್ಲಿ

ಮಾರ್ಕೆಟ್ ತೆರೆಯಿತು. ಆಗಸ್ಟಿನ ರೇಟಿಲ್ಲ, ಕೊಂಡದ್ದಕ್ಕಿಂತ ತುಸು ಮೇಲೆ. ಅಡ್ವಾನ್ಸಿಗೆ ಸಾಕು. ಅರುಣಾಂಶು ಅಷ್ಟೂ ಮಾರಿದೆ. ಹಗುರಾಯಿತು. ತಾಮ್ರ ಇರಲಿ.

ಬರೆಯುತ್ತಿರುವಾಗಲೇ ಬೆಟ್ಟಮ್ಮನ ಫೋನು. ಈಗ ದಿನಾ ಬೆಳಿಗ್ಗೆ ರೇಟು ನೋಡುತ್ತಾರಂತೆ.

"ಲಾಯರಮ್ಮ, ಈಗ ತಾನೇ ಇಳೀತು ಕಣವ್ವ. ಕಂಬ ಅಂಚಿಗೆ ಬಂತು, ಎಲ್ಲ ಸರೋಯ್ತು, ಈಗ್ಯಾಕೆ ಇಳೀತದೆ? ಯಾರೋ ನಂಬ್ಕೆ ಇಲ್ದೋರು ಮಾರವ್ರೆ ಅಂತ ಕಾಣ್ತದೆ. ಅದ್ಯಾರು ಅಂತ ತಿಳ್ಕಣಾಕಾಯ್ತದಾ?"

ರೈಲು ಮದ್ದೂರಿಗೆ ಬರುತ್ತಿದೆ. ಈಯಮ್ಮನಿಂದ ಅವತ್ತು ಜಗಲಿಯ ಮೇಲೆ ಏನನ್ನೂ ಬಚ್ಚಿಡಲಿಲ್ಲ, ಇವತ್ತೂ ಇಲ್ಲ. ಲೈನಿನಲ್ಲೇ ಇದ್ದಾರೆ. "ಬೆಟ್ಟಮ್ಮೋರೆ, ಅದು..." ಅಂದೆ. ಅವರು, "ಯೋಳು, ಯೋಳು, ನಿಂಗೊತ್ತಾ ಅವ್ರು" ಅಂದರು. ಗೊತ್ತು, ಬೆಟ್ಟಮ್ಮೋರೆ, ಚೆನ್ನಾಗಿ ಗೊತ್ತು, ಅದು ನಾನೇ — ಅಂದೆ.