ಹತ್ತು ನಿಮಿಷ ಹಿಂದಿನ ಗಡಿಯಾರ

ನಂಜನಗೂಡು, ಶುಕ್ರವಾರ

ಪ್ರಿನ್ಸಿಪಾಲ್ ಮೇಡಂ ಅವರಿಗೆ ನಮಸ್ಕಾರ.

ನೀವು ಎರಡು ಸಲ ರಿಪೇರಿ ಮಾಡಿಸಿದ ನಮ್ಮ ಲುಥೆರನ್ ಶಾಲೆಯ ಗಡಿಯಾರ ಕೆಟ್ಟಿರಲಿಲ್ಲ. ಜ್ಞಾನಮಿತ್ರ ಸರ್ ಮೇಷ್ಟ್ರಾಗಿದ್ದಾಗಲೂ, ಪ್ರಿನ್ಸಿಪಾಲರಾದ ಮೇಲೂ ತಾವೇ ಸ್ಟೂಲು ಹತ್ತಿ ಅದನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸುತ್ತಿದ್ದರು. ಅದನ್ನು ನೋಡಿಯೇ ಪ್ರಾರ್ಥನೆಯ ಗಂಟೆ ಹೊಡೆದು ಗೇಟು ಮುಚ್ಚುತ್ತಿದ್ದುದು. "ನರಸೀಪುರದ ಬಸ್ಸು ಲೇಟಾದ್ರೆ ಮಕ್ಕಳೇನ್ ಮಾಡ್ತವಮ್ಮ?" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಅದೇ ಬಸ್ಸಿನಲ್ಲಿ ಬರುತ್ತಿದ್ದೆ. ಒಂದು ದಿನವೂ ಗೇಟಿನ ಹೊರಗೆ ನಿಲ್ಲಲಿಲ್ಲ.

ಅವರು ತೀರಿಕೊಂಡ ಮೇಲೆ, ನೀವು ಸರಿಮಾಡಿಸಿದಾಗಲೆಲ್ಲ ಹಿಂದಕ್ಕೆ ತಿರುಗಿಸಿದ್ದು ನಾನೇ. ಕ್ಷಮಿಸಿ. ಇವತ್ತಿಗೆ ನನ್ನ ನೌಕರಿ ಮುಗಿಯಿತು. ಮಂಡಿಯೂ ಸೋತಿದೆ.

ಬೆಳಿಗ್ಗೆ ರಿಪೇರಿಯವನು ಮೂರನೇ ಸಲ ಬಂದು ಟೈಮ್ ಸರಿಮಾಡಿ ಹೋದ. ಸೋಮವಾರ ಬಸ್ಸು ಬರುವ ಮುಂಚೆ ಯಾರಾದರೂ ಹತ್ತಬೇಕು. ಸ್ಟೂಲನ್ನು ನಿಮ್ಮ ಬಾಗಿಲ ಪಕ್ಕದಲ್ಲೇ ಇಟ್ಟಿದ್ದೇನೆ.

ಇಂತಿ,
ಮುದ್ದಮ್ಮ, ಲೆಕ್ಕದ ಟೀಚರ್