ಬಾಯಿಯೊಳಗಿನ ಹುಲ್ಲು

೧೪ ಆಗಸ್ಟ್ ೨೦೦೦, ಸೋಮವಾರ

ಟಿಳಕವಾಡಿ ವಾಚನಾಲಯದಲ್ಲಿ ಇಂದು ಓದುಗರು ನನ್ನ ಕಾದಂಬರಿಯ ಬಗ್ಗೆ ಮಾತಾಡಿದರು. ‘ಖಾಸಗಿ ಪತ್ತೇದಾರ ಸಪ್ಪಗ ಅದಾನ, ಕೊಲಿ ಮಾತ್ರ ಖರೇ ಅನಸ್ತದ’ ಎಂದ ಪ್ರಮಿಳಾಬಾಯಿ ಆ ಪುಟವನ್ನು ಗಟ್ಟಿಯಾಗಿ ಓದಿದರು. ಬಾಯಿಗೆ ಭತ್ತದ ಹುಲ್ಲು ತುರುಕಿ, ಕತ್ತಿನ ಹಿಂದೆ ಕೊಡಲಿ ಹಾಕುವ ಪುಟ. ನಾನು ಉಬ್ಬಿಹೋದೆ.

ಆಗ ಖಾನಾಪುರದ ಫಕೀರವ್ವ ಎಂಬಾಕೆ ಎದ್ದಳು. ‘ನಮ್ಮಣ್ಣನ ಹೆಣಾನೂ ಹಿಂಗ ಸಿಕ್ಕಿತ್ರಿ. ಬಾಯಾಗಿನ ಹುಲ್ಲು ನಾನ ತಗದೆ, ಯಾರಿಗೂ ಹೇಳಿಲ್ಲ. ನಿಮಗ ಹೇಳಿದವರು ಯಾರ್ರಿ?’

ಕಲ್ಪನೆ ಎಂದೆ. ಸುಳ್ಳು. ಗೆಳೆಯ ಗಜಾನನ ಕ್ಯಾಂಪ್ ಬಡಾವಣೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೇಳಿದ್ದು: ‘ಹುಲ್ಲು ತುರುಕಿದ್ರ ಒದರೂದಿಲ್ಲ, ಬರ್ಕೋ.’ ನಗುತ್ತಿದ್ದ, ಹಲ್ಕಟ್ ಸೂಳೆಮಗ.

ಮೊದಲ ಪುಟದಲ್ಲೇ ‘ಕೊಲೆ ಹೇಳಿಕೊಟ್ಟ ಗಜಾನನನಿಗೆ’ ಎಂದು ಅಚ್ಚು ಹಾಕಿಸಿದ್ದೇನೆ. ಫಕೀರವ್ವ ಹೋಗುವಾಗ ಒಂದು ಪ್ರತಿ ಒಯ್ದಳು. ಇಷ್ಟೊತ್ತಿಗೆ ತೆರೆದಿರುತ್ತಾಳೆ.