ಮೊದಲನೆಯ ರಿಪೋರ್ಟ್

ಮಾರ್ಚ್ 3, ಬೆಳಿಗ್ಗೆ 11

ನೆಗೆಟಿವ್! ನನ್ನಲ್ಲಿ ಟೈಫಾಯ್ಡ್ ಕ್ರಿಮಿ ಇಲ್ಲ, ಇಲ್ಲ, ಇಲ್ಲ!

ಮದುವೆಯಾಗಿ ಎರಡು ತಿಂಗಳು. ಮಾವ ಟೈಫಾಯ್ಡ್ ಬಂದು ಮಲಗಿದರು. ನಾದಿನಿ ಮಲಗಿದಳು — ಪಾಪ, ಅವಳ ಕೂದಲೆಲ್ಲ ಬಾಚಣಿಗೆಗೆ ಬಂತು. "ಅಡುಗೆ ಮಾಡೋ ನೀನೊಬ್ಳೇ ಗುಂಡುಕಲ್ಲಿನ ಹಾಗಿದೀಯ. ಪರೀಕ್ಷೆ ಮಾಡಿಸ್ಕೊಂಡು ಬಾ" ಎಂದು ಅತ್ತೆ ತವರಿಗೆ ಅಟ್ಟಿದ್ದರು. ಈಗ ನೋಡಲಿ! ಫೋಟೋ ತೆಗೆದು ಇವರಿಗೆ ಕಳಿಸಿದೆ. ವಾಪಸ್ ಹನ್ನೊಂದು ಹಾರ್ಟ್ ಬಂತು!!

ಡಾಕ್ಟರಮ್ಮನದೊಂದು ರಗಳೆ: "ಕುಣೀಬೇಡಮ್ಮ. ಆ ಕ್ರಿಮಿ ದಿನಾ ಮಲದಲ್ಲಿ ಹೊರಗೆ ಬರೋ ಜಾತಿ ಅಲ್ಲ. ಇನ್ನೆರಡು ಸ್ಯಾಂಪಲ್ ಕೊಡು."

ಕೊಟ್ಟರಾಯಿತು.

ಮಾರ್ಚ್ 5

ಇವರ ಫೋನ್. ಅತ್ತೆ ಪಾತ್ರೆ ತೊಳೆಯುವವಳನ್ನು ಬಿಡಿಸಿದರಂತೆ. "ಸೊಸೆ ಅಲ್ಲ ಅಂದ್ಮೇಲೆ ಇನ್ಯಾರು?" ಅಂದರಂತೆ. ಆಕೆ ಮೆಟ್ಟಿಲ ಮೇಲೆ ಕೂತು ಅತ್ತಳಂತೆ. ಅಯ್ಯೋ ಅನ್ನಿಸಿತು... ಆದರೂ ಸದ್ಯ!

ಮಾರ್ಚ್ 14

ಎರಡೂ ಪಾಸಿಟಿವ್.

ಓದುವಾಗ ಹಾಸ್ಟೆಲಿನಲ್ಲಿ ನನಗೆ ಬಂದಿದ್ದ ಟೈಫಾಯ್ಡ್ ಪೂರ್ತಿ ಹೋಗಿರಲೇ ಇಲ್ಲವಂತೆ. ಪಿತ್ತಕೋಶದೊಳಗೊಂದು ಕಲ್ಲು, ಅದರ ಮೇಲೆ ಕ್ರಿಮಿ ಲೋಳೆ ಹೊದ್ದು ಕೂತಿದೆಯಂತೆ. ಡಾಕ್ಟರಮ್ಮ ಅಂದರು: "ನಿನ್ನ ರಕ್ತದ ಕಾವಲುಗಾರರು ಹೊರಗೇ ಸುತ್ತಾಡ್ತಿರ್ತಾರೆ. ಆ ಹೊದಿಕೆ ದಾಟೋಕಾಗಲ್ಲ. ನಿನಗೇನೂ ಆಗಲ್ಲಮ್ಮ, ನಿನ್ನ ಕೈಲಿ ಉಂಡವರಿಗೆ ಆಗುತ್ತೆ."

ಮಾತ್ರೆ, ಆಮೇಲೆ ಆಪರೇಷನ್. ಅಲ್ಲಿಯವರೆಗೆ ಯಾರಿಗೂ ಅಡುಗೆ ಮಾಡಕೂಡದು. ತಿಂಗಳುಗಟ್ಟಲೆ! ಇವರನ್ನು ಬಿಟ್ಟು!

ಅಮ್ಮ: "ಈಗ್ಲೇ ಅಳಿಯಂದಿರಿಗೆ ಹೇಳೇ."

"ಹೇಳಿದ್ರೆ ಅತ್ತೆ ಬಾಗಿಲು ತೆಗೀತಾರಾ?"

ಅಮ್ಮ ಎದ್ದು ಅನ್ನಕ್ಕಿಡಲು ಒಳಗೆ ಹೋದಳು.

ಮಾರ್ಚ್ 15

ನಾನು ಎಷ್ಟು ಆರೋಗ್ಯವಾಗಿದ್ದೇನೆ! ಕೆನ್ನೆ ನೋಡಿದರೆ ಸಾಕು. ಆ ಎರಡು ಹಾಳೆಗಳನ್ನು ಹರಿದೆ.

ಮಾರ್ಚ್ 20, ಸಂಜೆ

ಅತ್ತೆಯೇ ಫೋನ್ ಮಾಡಿದರು! ಕ್ಷಮೆ ಕೇಳಿದರು!! "ನಿನ್ಮೇಲೆ ಸುಮ್ನೆ ಅನುಮಾನ ಪಟ್ಟೆ ಕಣಮ್ಮ. ಬೇಗ ಬಾ, ಮನೆ ಬಿಕೋ ಅಂತಿದೆ." ಮಾವ ಆಸ್ಪತ್ರೆಯಿಂದ ಬಂದಿದ್ದಾರೆ, ಎಲುಬಿನ ಗೂಡು. ಓರಗಿತ್ತಿಯ ಮಗುವಿಗೆ ಆರು ತಿಂಗಳು ತುಂಬಿತು. ಅದಕ್ಕೆ ಮೊದಲ ತುತ್ತು ಚಿಕ್ಕಮ್ಮನೇ ಮಾಡಿ ತಿನ್ನಿಸಲಿ ಎಂದು ಎಲ್ಲರ ಆಸೆಯಂತೆ.

ಫೋನ್ ಇಟ್ಟಮೇಲೆ ತುಂಬ ಹೊತ್ತು ಕೈ ತೊಳೆದೆ. ಸೋಪು ಹಾಕಿ, ಮೂರು ಸಲ. ಸಾಕಲ್ಲವೇ? ಸಾಕು.

ಅಮ್ಮ ನನ್ನೊಂದಿಗೆ ಮಾತಾಡುತ್ತಿಲ್ಲ. ಇವರಿಗೆ ಮೆಸೇಜ್ ಮಾಡಿದೆ — ಮಗುವಿಗೆ ಯಾರೂ ಏನೂ ಕೊಡಬೇಡಿ, ನಾನೇ ಬರುತ್ತೇನೆ. ಶನಿವಾರ, ಬೆಳಿಗ್ಗೆ ಆರೂ ನಲವತ್ತರ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ.